ಹಳೆ ಮರದ ಹಲಗೆ ತೆಗೆದು ಫೈಬರ್ ಸಿಮೆಂಟ್ ಬೋರ್ಡ್ ಹಾಕಿಸುವ ಮೊದಲು: ಕೊಡಗಿನ ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆ ಮನೆಗಳ ರಿಪೇರಿ ಮಾಡಿಸುವುದು ನನ್ನ ಕೆಲಸ. ಮಳೆ ಬಿಟ್ಟು ಎರಡು ದಿನ ಬಿಸಿಲು ಬಿದ್ದರೆ ಸಾಕು, ಫೋನ್ ಶುರುವಾಗುತ್ತದೆ. "ಅಣ್ಣ, ಮಹಡಿಯ ಹಲಗೆಗೆ ಕೈ ಇಟ್ಟರೆ ಪುಡಿ ಉದುರ್ತದೆ. ಅದೇನೋ ಸಿಮೆಂಟಿನ ಹಲಗೆ ಬಂದಿದೆಯಂತಲ್ಲ, ಹಾಕಿಸಬಹುದಾ?" ಹಾಕಿಸಬಹುದು. ಆದರೆ ಹಲಗೆ ಯಾಕೆ ಹೋಯಿತು ಅಂತ ನೋಡದೆ ಹಾಕಿಸಿದರೆ ಬೋರ್ಡ್ ಗಟ್ಟಿಯಾಗಿ ನಿಂತಿರುತ್ತದೆ, ಅದರ ಹಿಂದಿನ ಚೌಕಟ್ಟು ಕೊಳೆತಿರುತ್ತದೆ. ಕೆಳಗಿನ ಉತ್ತರಗಳಲ್ಲಿ ಅರ್ಧಕ್ಕರ್ಧ ಬೋರ್ಡಿನ ಬಗ್ಗೆ ಅಲ್ಲ, ನೀರಿನ ಬಗ್ಗೆ.

ಹಲಗೆ ನಿಜವಾಗಿಯೂ ಹೋಗಿದೆಯಾ, ಬಣ್ಣ ಮಾತ್ರ ಎದ್ದಿದೆಯಾ? ಹೇಗೆ ಗೊತ್ತಾಗುತ್ತದೆ?

ಒಂದು ಸ್ಕ್ರೂಡ್ರೈವರ್ ತೆಗೆದುಕೊಳ್ಳಿ. ಅಕ್ಟೋಬರ್ ಹೊತ್ತಿಗೆ, ಮರ ಇನ್ನೂ ನೀರು ಕುಡಿದಿರುವಾಗಲೇ, ಮೂರು ಜಾಗದಲ್ಲಿ ಚುಚ್ಚಿ ನೋಡಿ: ಎಲ್ಲಕ್ಕಿಂತ ಕೆಳಗಿನ ಎರಡು ಹಲಗೆ, ಕಿಟಕಿಯ ಕೆಳಮೂಲೆಗಳು, ಮತ್ತು ಕೆಳಗಿನ ಇಳಿಮಾಡು ಮೇಲಿನ ಗೋಡೆಗೆ ತಾಗುವ ಗೆರೆ. ತುದಿ ಕಾಲು ಇಂಚಿಗಿಂತ ಹೆಚ್ಚು ಸಲೀಸಾಗಿ ಇಳಿದರೆ ಆ ಹಲಗೆ ಮುಗಿದ ಹಾಗೆ. ಬಣ್ಣ ಸಿಪ್ಪೆ ಎದ್ದಿದ್ದರೂ ತುದಿ ಇಳಿಯದಿದ್ದರೆ ಉಜ್ಜಿ, ಒಣಗಿಸಿ, ಬಣ್ಣ ಹೊಡೆದು ಇನ್ನೂ ಕೆಲವು ವರ್ಷ ಸಾಗಿಸಬಹುದು.

ಹಿಟ್ಟಿನ ಹಾಗೆ ಸಣ್ಣ ಪುಡಿ ಉದುರುತ್ತಿದ್ದರೆ ಅದು ಕುಟ್ಟೆ ಹುಳು. ಮಣ್ಣಿನ ಸುರಂಗ ಕಂಡರೆ ಗೆದ್ದಲು. ಮರ ಮೆತ್ತಗಾಗಿ ಚೌಕ ಚೌಕ ತುಂಡಾಗುತ್ತಿದ್ದರೆ ಶಿಲೀಂಧ್ರ. ಮೊದಲು ಇದನ್ನು ಗುರುತಿಸಿಕೊಳ್ಳಿ, ಏಕೆಂದರೆ ಗೆದ್ದಲು ನೆಲದಿಂದ ಬರುತ್ತದೆ, ಶಿಲೀಂಧ್ರ ನೀರಿನಿಂದ ಬರುತ್ತದೆ. ಮದ್ದು ಬೇರೆ ಬೇರೆ.

ಮನೆಗೆ ಸುತ್ತಲೂ ಹಾಕಿಸಬೇಕಾ?

ಬಹುತೇಕ ಮನೆಗಳಿಗೆ ಬೇಡ. ಈ ಮಾತಿನಿಂದ ನನಗೆ ನಷ್ಟ, ಆದರೂ ಹೇಳುತ್ತೇನೆ.

ನಮ್ಮ ಮಳೆ ನೈರುತ್ಯದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಹೊಡೆಯುವುದು ಪಶ್ಚಿಮ ಮತ್ತು ನೈರುತ್ಯದಿಂದ, ಎರಚಲು ಬಡಿಯುವುದು ಆ ಎರಡು ಮುಖಕ್ಕೆ. ಪೂರ್ವದ ಗೋಡೆಯ ಹಲಗೆ, ಅದರಲ್ಲೂ ಸೂರು ಎರಡೂವರೆ ಮೂರು ಅಡಿ ಮುಂದೆ ಚಾಚಿದ್ದರೆ, ಅಜ್ಜನ ಕಾಲದ್ದೂ ಗಟ್ಟಿಯಾಗಿರುತ್ತದೆ. ಮಡಿಕೇರಿ ಪಕ್ಕದ ಒಂದು ಮನೆಯಲ್ಲಿ ಪಶ್ಚಿಮದ ಹಲಗೆಯನ್ನು ಸಲಾಕಿ ಇಲ್ಲದೆ ಬರಿಗೈಯಲ್ಲಿ ಕಿತ್ತಿದ್ದೇವೆ. ಅದೇ ಮನೆಯ ಪೂರ್ವದ ಹಲಗೆಗೆ ಮೊಳೆ ಹೊಡೆದರೆ ಮೊಳೆಯೇ ಬಾಗಿತು.

ಊರೂ ಲೆಕ್ಕಕ್ಕೆ ಬರುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3000 ಮಿ.ಮೀ.ಗೂ ಹೆಚ್ಚು ಮಳೆ, ಭಾಗಮಂಡಲದ ಕಡೆ ಅದಕ್ಕಿಂತಲೂ ಬಹಳ ಹೆಚ್ಚು. ಸುಮಾರು 30 ಕಿ.ಮೀ. ಕೆಳಗಿಳಿದು ಕುಶಾಲನಗರಕ್ಕೆ ಹೋದರೆ ಮಡಿಕೇರಿಯ ಮೂರನೇ ಒಂದು ಪಾಲಿನ ಆಸುಪಾಸು. ಕುಶಾಲನಗರದವರು ಮಡಿಕೇರಿಯವರ ಮನೆ ನೋಡಿ ಬಂದು ಅಷ್ಟೇ ಖರ್ಚು ಮಾಡಬೇಕಿಲ್ಲ.

ಇದು ಆಸ್ಬೆಸ್ಟಾಸ್ ಅಲ್ಲವಾ? ಹೆಸರು ಬದಲಿಸಿ ಮಾರುತ್ತಿದ್ದಾರಾ?

ಕೇಳಬೇಕಾದ ಪ್ರಶ್ನೆಯೇ. ಇವೆರಡಕ್ಕೂ ಮೂಲ ಒಂದೇ. ಆಸ್ಟ್ರಿಯಾದ ಲುಡ್ವಿಗ್ ಹಾಟ್‌ಶೆಕ್ ಎಂಬಾತ 1900ರ ಆಸುಪಾಸಿನಲ್ಲಿ ಸಿಮೆಂಟಿಗೆ ಆಸ್ಬೆಸ್ಟಾಸ್ ನಾರು ಸೇರಿಸಿ, ಕಾಗದ ಮಾಡುವ ಯಂತ್ರದಂಥದ್ದರಲ್ಲಿ ತೆಳು ಪದರಗಳನ್ನು ಒಂದರ ಮೇಲೊಂದು ಸುತ್ತಿ ಶೀಟ್ ಮಾಡುವುದನ್ನು ಕಂಡುಹಿಡಿದ. ಆ ನಾರಿನ ಧೂಳು ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ಬರುತ್ತದೆ ಎಂದು ಖಚಿತವಾದ ಮೇಲೆ, 1980ರ ದಶಕದಲ್ಲಿ ಆಸ್ಟ್ರೇಲಿಯಾದಂಥ ಕಡೆ ಆಸ್ಬೆಸ್ಟಾಸ್ ಬಿಟ್ಟು ಮರದ ತಿರುಳಿನ ಸೆಲ್ಯುಲೋಸ್ ನಾರು ಹಾಕತೊಡಗಿದರು. ಈಗ ಫೈಬರ್ ಸಿಮೆಂಟ್ ಎಂದು ಗೋಡೆಗೆ ಬರುವುದು ಈ ಎರಡನೆಯದು: ಸಿಮೆಂಟ್, ನುಣ್ಣನೆ ಮರಳು ಅಥವಾ ಹಾರುಬೂದಿ, ಸೆಲ್ಯುಲೋಸ್. ಒಳ್ಳೆ ಬೋರ್ಡನ್ನು ಒತ್ತಡದ ಹಬೆಯಲ್ಲಿ ಬೇಯಿಸಿರುತ್ತಾರೆ. ನಮ್ಮ ಅಕ್ಕಿ ಉಂಡೆ ಕಡಂಬುಟ್ಟು ಬೆಂದ ಹಾಗೆ, ಆದರೆ ಶಾಖ ಮಾತ್ರ 170 ಡಿಗ್ರಿಯ ಮೇಲೆ.

ಆದರೆ ನಮ್ಮ ದೇಶದಲ್ಲಿ ಆಸ್ಬೆಸ್ಟಾಸ್ ಇರುವ ಸುಕ್ಕುಗಟ್ಟಿದ ಚಾವಣಿ ಶೀಟುಗಳನ್ನು ಇಂದಿಗೂ ಮಾರುತ್ತಾರೆ. ಅಂಗಡಿಯಲ್ಲಿ ಎರಡಕ್ಕೂ "ಸಿಮೆಂಟ್ ಶೀಟ್" ಎಂದೇ ಹೆಸರು. ಒಂದೇ ಕಂಪನಿ ಎರಡನ್ನೂ ಮಾಡುವುದೂ ಉಂಟು. ಹಾಗಾಗಿ ಬಿಲ್ಲಿನಲ್ಲಿ "ನಾನ್ ಆಸ್ಬೆಸ್ಟಾಸ್" ಎಂದು ಬರೆಸಿಕೊಳ್ಳಿ. ಹಳೆಯ ಕಾಲದಲ್ಲಿ ನಿಮ್ಮ ಮನೆಯ ಗೋಡೆಗೆ ಎ.ಸಿ. ಶೀಟ್ (ಆಸ್ಬೆಸ್ಟಾಸ್ ಸಿಮೆಂಟ್ ಶೀಟ್) ಹೊಡೆದಿದ್ದರೆ ಅದನ್ನು ಸುತ್ತಿಗೆಯಲ್ಲಿ ಒಡೆಯಬೇಡಿ, ಕೊರೆಯಬೇಡಿ, ಗುಡಿಸಬೇಡಿ. ನೀರು ಚಿಮುಕಿಸಿ, ಮೊಳೆ ಸಡಿಲಿಸಿ, ಇಡಿಯಾಗಿ ಇಳಿಸಬೇಕು.

ಅಂಗಡಿಗೆ ಹೋಗಿ ಏನೆಂದು ಕೇಳಬೇಕು?

"ಹೊರಗೋಡೆಗೆ, ಐ.ಎಸ್. 14862, ಟೈಪ್ ಎ." ಇಷ್ಟು ಹೇಳಿ. ಐ.ಎಸ್. ಅಂದರೆ ಭಾರತೀಯ ಮಾನಕ. ಆ ಮಾನಕದಲ್ಲಿ ಟೈಪ್ ಎ ಬಿಸಿಲು ಮಳೆಗೆ ಒಡ್ಡುವುದಕ್ಕೆ, ಟೈಪ್ ಬಿ ಒಳಾಂಗಣಕ್ಕೆ. ಎರಡೂ ಬೂದು ಬಣ್ಣ, ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಸೀಲಿಂಗಿಗೆ ಹಾಕುವ 4, 6 ಮಿ.ಮೀ. ಬೋರ್ಡನ್ನು "ಇದೇ ಸಾರ್, ಎಲ್ಲ ಕಡೆ ಇದೇ ಹೋಗೋದು" ಎಂದು ಕೊಡುವವರಿದ್ದಾರೆ. ಹೊರಗೆ 8 ಮಿ.ಮೀ.ಗಿಂತ ಕಡಿಮೆ ನಾನು ಹಾಕಿಸುವುದಿಲ್ಲ.

ಎರಡು ರೂಪದಲ್ಲಿ ಸಿಗುತ್ತದೆ. ಒಂದು 8 ಅಡಿ 4 ಅಡಿಯ ದೊಡ್ಡ ಹಾಳೆ, ಇನ್ನೊಂದು ಹಳೆ ಹಲಗೆಯ ಹಾಗೆ ಒಂದರ ಮೇಲೊಂದು ಹೊದಿಸುವ ಉದ್ದ ಪಟ್ಟಿ, ಇದಕ್ಕೆ ಪ್ಲ್ಯಾಂಕ್ ಅನ್ನುತ್ತಾರೆ. ಕೊಡಗಿಗೆ ಪ್ಲ್ಯಾಂಕೇ ಸರಿ ಎನ್ನುವುದು ನನ್ನ ಅಭಿಪ್ರಾಯ. ಹೆಂಚಿನ ಹಾಗೆ ಮೇಲಿನದು ಕೆಳಗಿನದನ್ನು ಮುಚ್ಚುತ್ತದೆ, ನೀರು ತಾನಾಗಿ ಜಾರುತ್ತದೆ. ದೊಡ್ಡ ಹಾಳೆಯಲ್ಲಿ ಪ್ರತಿ ಸಂದನ್ನೂ ಸಂದು ತುಂಬುವ ಅಂಟು, ಅಂದರೆ ಸೀಲಂಟಿನ ಮೇಲೆ ನಂಬಿಕೆಯಿಟ್ಟು ಬಿಡಬೇಕು. ಕಕ್ಕಡದ (ಆಟಿ ತಿಂಗಳ) ಮಳೆಯಲ್ಲಿ ಸೀಲಂಟನ್ನು ನಂಬಿ ನಿದ್ದೆ ಮಾಡುವ ಧೈರ್ಯ ನನಗಿಲ್ಲ.

ಸ್ಯಾಂಪಲ್ ತುಂಡು ಕೊಟ್ಟರೆ ಒಂದು ಪರೀಕ್ಷೆ ಮಾಡಿ. ಬಕೆಟ್ ನೀರಿನಲ್ಲಿ ಎರಡು ದಿನ ಮುಳುಗಿಸಿಟ್ಟು, ಒಂದು ದಿನ ಒಣಗಿಸಿ, ಮತ್ತೆ ಮುಳುಗಿಸಿ. ಹೀಗೆ ಎರಡು ಮೂರು ಸುತ್ತು. ಅಂಚಿಗೆ ಉಗುರು ಹಾಕಿದಾಗ ಪುಸ್ತಕದ ಹಾಳೆಯಂತೆ ಪದರ ಬಿಟ್ಟರೆ ಆ ಮಾಲು ಬೇಡ.

ಸಿಮೆಂಟ್ ಅಂದರೆ ಭಾರ. ನಮ್ಮ ಹಳೆ ಮಹಡಿ ತಡೆಯುತ್ತದಾ?

ಲೆಕ್ಕ ಹಾಕಿದರೆ ಆಶ್ಚರ್ಯವಾಗುತ್ತದೆ. ಮುಕ್ಕಾಲು ಇಂಚಿನ ತೇಗದ ಹಲಗೆ ಒಂದು ಚದರ ಮೀಟರಿಗೆ ಸುಮಾರು 12 ಕಿಲೋ ತೂಗುತ್ತದೆ. 8 ಮಿ.ಮೀ. ಫೈಬರ್ ಸಿಮೆಂಟ್ ಸುಮಾರು 11 ಕಿಲೋ, ಹೊದಿಕೆಯ ಅಂಚು ಸೇರಿಸಿದರೆ 13ರ ಹತ್ತಿರ. ಹೆಚ್ಚುಕಡಿಮೆ ಸಮ. ಮಳೆಗಾಲದಲ್ಲಿ ನೀರು ಕುಡಿದ ಮರದ ತೂಕ ಸೇರಿಸಿದರೆ ಮರವೇ ಹೆಚ್ಚು ಬಂದೀತು. ಚೌಕಟ್ಟು ಗಟ್ಟಿಯಾಗಿದ್ದರೆ ಭಾರದ ಚಿಂತೆ ಬೇಡ.

ಹಳೆ ಹಲಗೆ ಕೀಳದೆ ಅದರ ಮೇಲೇ ಬೋರ್ಡ್ ಹೊಡೆದರೆ ಕೂಲಿ ಉಳಿಯುತ್ತದಲ್ಲ?

ಉಳಿಯುತ್ತದೆ, ಎರಡು ಮಳೆಗಾಲದ ಮಟ್ಟಿಗೆ.

ಕೊಳೆತ ಹಲಗೆಯನ್ನು ಒಳಗಿಟ್ಟು ಮುಚ್ಚಿದರೆ ಅದಕ್ಕೆ ಗಾಳಿ ತಪ್ಪುತ್ತದೆ, ತೇವ ಹಾಗೇ ಉಳಿಯುತ್ತದೆ, ಶಿಲೀಂಧ್ರಕ್ಕೆ ಅದಕ್ಕಿಂತ ಒಳ್ಳೆ ಮನೆ ಬೇಕಾ? ಸ್ಕ್ರೂ ಕಚ್ಚುವುದಕ್ಕೂ ಗಟ್ಟಿ ಮರ ಇರುವುದಿಲ್ಲ. ಅದೂ ಅಲ್ಲದೆ ಹಲಗೆ ಕಿತ್ತ ದಿನವೇ ನಿಮಗೆ ಮನೆಯ ನಿಜಸ್ಥಿತಿ ಗೊತ್ತಾಗುವುದು. ನಾಪೋಕ್ಲು ಕಡೆಯ ಒಂದು ಮನೆಯಲ್ಲಿ ಹಲಗೆ ಕಿತ್ತಾಗ ಮೂಲೆಯ ಕಂಬದ ಬುಡದಲ್ಲಿ ಮರವೇ ಇರಲಿಲ್ಲ, ಗೆದ್ದಲು ಮಣ್ಣು ಮರದ ಆಕಾರದಲ್ಲಿ ನಿಂತಿತ್ತು. ಮೇಲಿನ ಬಣ್ಣ ಮಾತ್ರ ಚೆನ್ನಾಗಿತ್ತು. ಆ ಮನೆಯ ಅಜ್ಜಿ ಬಂದು ನೋಡಿ, "ಇಷ್ಟು ವರ್ಷ ನಾವು ಬಣ್ಣಕ್ಕೆ ಒರಗಿ ಕೂತಿದ್ದೆವಾ" ಅಂದರು.

ಒಳಗಿನ ಚೌಕಟ್ಟಿಗೆ ಮರ ಒಳ್ಳೆಯದಾ, ಜಿ.ಐ. ಟ್ಯೂಬಾ?

ಇರುವ ಮರ ಗಟ್ಟಿಯಾಗಿದ್ದರೆ ಅದನ್ನೇ ಉಳಿಸಿ. ಹೊಸದಾಗಿ ಹಾಕುವುದಾದರೆ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಚೌಕ ಟ್ಯೂಬ್ ಸುಲಭ, ಗೆದ್ದಲಿಗೆ ಬಾಯಿ ಹಾಕಲು ಏನೂ ಇರುವುದಿಲ್ಲ. ಆದರೆ ವೆಲ್ಡಿಂಗ್ ಮಾಡಿದ ಜಾಗದಲ್ಲಿ ಸತುವಿನ ಲೇಪ ಸುಟ್ಟುಹೋಗಿರುತ್ತದೆ. ಅಲ್ಲಿಗೆ ಜಿಂಕ್ ಪ್ರೈಮರ್ ಎರಡು ಕೋಟ್ ಹೊಡೆಯದಿದ್ದರೆ ತುಕ್ಕು ಅಲ್ಲಿಂದಲೇ ಶುರು.

ಸಿಲ್ವರ್ ಓಕ್ ತೋಟದಲ್ಲೇ ಇದೆ, ಅದನ್ನೇ ಕೊಯ್ಸಿ ರೀಪು ಮಾಡಿಸೋಣ ಎನ್ನುವವರಿಗೆ ಒಂದು ಮಾತು: ಮಾಡಿಸಿ, ಆದರೆ ಹಸಿ ಮರ ಬೇಡ. ಕೊಯ್ಸಿ, ನೆರಳಲ್ಲಿ ಅಟ್ಟಿ ಹಾಕಿ ಒಣಗಿಸಿ, ಬೋರಾನ್ ಮದ್ದು ಕುಡಿಸಿದ ಮೇಲೆ ಬಳಸಿ. ಬೋರಾನ್ ಮಳೆಗೆ ತೊಳೆದುಹೋಗುವ ಮದ್ದು, ಹಾಗಾಗಿ ಬೋರ್ಡಿನ ಮರೆಯಲ್ಲಿರುವ ಮರಕ್ಕೆ ಮಾತ್ರ ಲಾಯಕ್ಕು.

ಕಂಬದಿಂದ ಕಂಬಕ್ಕೆ 20 ಇಂಚು ಇಡಿಸಿ. 10 ಅಡಿ ಪ್ಲ್ಯಾಂಕನ್ನು 20 ಇಂಚು ಸಮನಾಗಿ ಆರು ಪಾಲು ಮಾಡುತ್ತದೆ, ಪ್ರತಿ ಸಂದೂ ಕಂಬದ ಮೇಲೇ ಬಂದು ಕೂರುತ್ತದೆ. 18 ಇಂಚು ಇಟ್ಟರೆ ಪ್ರತಿ ಪ್ಲ್ಯಾಂಕಿನಲ್ಲೂ ಒಂದು ತುಂಡು ಕತ್ತರಿಸಿ ಎಸೆಯಬೇಕಾಗುತ್ತದೆ. ನಮ್ಮ ಆಚಾರಿಗಳಿಗೆ ಅಳತೆ ಹೇಳಿದರೆ ಸಾಕು, ಉಳಿದದ್ದನ್ನು ಅವರೇ ನಮಗಿಂತ ಚೆನ್ನಾಗಿ ಮಾಡುತ್ತಾರೆ.

ಬೋರ್ಡ್ ಹಾಕಿದ ಮೇಲೂ ಒಳಗೆ ತೇವ ಬರುತ್ತದೆ ಅಂತ ಕೇಳಿದ್ದೇವೆ. ಯಾಕೆ?

ಯಾಕೆಂದರೆ ಹೊರಗಿನ ಬೋರ್ಡ್ ನೀರನ್ನು ಪೂರ್ತಿ ತಡೆಯುವುದಿಲ್ಲ. ತಡೆಯುವುದು ಅದರ ಕೆಲಸವೂ ಅಲ್ಲ. ಜೋರು ಗಾಳಿಗೆ ಎರಚಲು ಮೇಲ್ಮುಖವಾಗಿಯೂ ನುಗ್ಗುತ್ತದೆ, ಸಂದಿನಿಂದ ಸ್ವಲ್ಪ ನೀರು ಒಳಗೆ ಹೋಗಿಯೇ ಹೋಗುತ್ತದೆ. ಹೋದ ನೀರು ಇಳಿದು ಹೊರಗೆ ಬರಬೇಕು, ಉಳಿದ ತೇವ ಗಾಳಿಗೆ ಒಣಗಬೇಕು. ಇಡೀ ಕೆಲಸದ ಗುಟ್ಟು ಇದೇ. ಹಳೆ ಹಲಗೆ ಕೊಳೆತದ್ದೂ ಬಹಳ ಕಡೆ ಇದು ಇಲ್ಲದ್ದರಿಂದ.

ಒಳಗಿನಿಂದ ಹೊರಗೆ ಲೆಕ್ಕ ಹಾಕಿ. ಮೊದಲು ಚೌಕಟ್ಟು. ಅದರ ಮೇಲೆ ಬ್ರೀದರ್ ಮೆಂಬ್ರೇನ್ ಎನ್ನುವ ಹೊದಿಕೆ: ನೀರಿನ ಹನಿಯನ್ನು ಒಳಗೆ ಬಿಡುವುದಿಲ್ಲ, ಆವಿಯನ್ನು ಹೊರಗೆ ಬಿಡುತ್ತದೆ. ಇದರ ಬದಲು ಕಾಫಿ ಒಣಗಿಸುವ ಟಾರ್ಪಾಲ್ ಹೊಡೆದುಬಿಡುವವರಿದ್ದಾರೆ. ಬೇಡ. ಪ್ಲಾಸ್ಟಿಕ್ ಆವಿಯನ್ನೂ ಕಟ್ಟಿಹಾಕುತ್ತದೆ, ಅಡುಗೆಮನೆಯ, ಬಚ್ಚಲುಮನೆಯ ಹಬೆಯೆಲ್ಲ ಅಲ್ಲೇ ನೀರಾಗಿ ಮರದ ಮೇಲೆ ಇಳಿಯುತ್ತದೆ. ಮೆಂಬ್ರೇನನ್ನು ಕೆಳಗಿನಿಂದ ಮೇಲಕ್ಕೆ, ಮೇಲಿನದು ಕೆಳಗಿನದರ ಮೇಲೆ ಬರುವಂತೆ ಹೊದಿಸಬೇಕು.

ಅದರ ಮೇಲೆ ಕಂಬದ ನೇರಕ್ಕೆ 20 ಮಿ.ಮೀ. ದಪ್ಪದ ರೀಪು ನೆಟ್ಟಗೆ ನಿಲ್ಲಿಸಿ. ಅಡ್ಡ ಹೊಡೆದರೆ ನೀರು ಅದರ ಮೇಲೇ ಕೂರುತ್ತದೆ. ಪ್ಲ್ಯಾಂಕ್ ಬರುವುದು ಈ ರೀಪಿನ ಮೇಲೆ. ಮೆಂಬ್ರೇನಿಗೂ ಪ್ಲ್ಯಾಂಕಿಗೂ ನಡುವೆ ಉಳಿದ ಸಂದಿಯಲ್ಲಿ ಗಾಳಿ ಕೆಳಗಿನಿಂದ ಹೊಕ್ಕು ಸೂರಿನ ಬಳಿ ಹೊರಗೆ ಹೋಗಬೇಕು. ಕೆಳಗೂ ಮೇಲೂ ತೆರೆದಿಡಿ, ಇಲಿ, ಕಣಜ ನುಗ್ಗದ ಹಾಗೆ ಸ್ಟೀಲ್ ಜಾಲರಿ ಹಾಕಿಸಿ. ಕೆಲಸ ಮುಗಿದ ಮೇಲೆ ಗಾರೆಯವರು ಬಂದು "ಇಲ್ಲಿ ಸಂದಿ ಬಿಟ್ಟಿದ್ದಾರೆ" ಎಂದು ಸಿಮೆಂಟ್ ಮೆತ್ತಿ ಮುಚ್ಚಿಬಿಡುತ್ತಾರೆ. ಎರಡು ಸಲ ಹಾಗಾಗಿದೆ, ಈಗ ನಾನು ಅವರಿಗೆ ಮೊದಲೇ ಹೇಳಿ ಬರುತ್ತೇನೆ.

ಮತ್ತೆ ಎರಡು ಜಾಗ. ಕಿಟಕಿಯ ತಲೆಯ ಮೇಲೆ ಅಲ್ಯೂಮಿನಿಯಂ ತಗಡಿನ ಫ್ಲಾಶಿಂಗ್, ಅಂದರೆ ನೀರನ್ನು ಹೊರಕ್ಕೆ ಜಾರಿಸುವ ಪಟ್ಟಿ, ಅದರ ಮೇಲಿನ ಅಂಚು ಮೆಂಬ್ರೇನಿನ ಒಳಗೆ ಹೋಗಿರಬೇಕು, ಮೇಲೆ ಅಂಟಿಸಿದ್ದಲ್ಲ. ಇಳಿಮಾಡು ಗೋಡೆಗೆ ತಾಗುವಲ್ಲಿಯೂ ಹಾಗೆಯೇ, ಪ್ಲ್ಯಾಂಕ್ ಹೆಂಚಿಗಿಂತ ಎರಡು ಇಂಚು ಮೇಲೆ ನಿಲ್ಲಬೇಕು. ನೆಲದ ಮಟ್ಟದಲ್ಲಿ ಕನಿಷ್ಠ ಆರು ಇಂಚು ಅಂತರ. ನಮ್ಮ ಮಳೆಗೆ ಒಂದು ಅಡಿ ಬಿಟ್ಟರೂ ತಪ್ಪಿಲ್ಲ: ಸೂರಿನಿಂದ ಬಿದ್ದ ನೀರು ಅಂಗಳದ ಕೆಮ್ಮಣ್ಣನ್ನು ಎಷ್ಟು ಎತ್ತರಕ್ಕೆ ಸಿಡಿಸುತ್ತದೆ ಎಂದು ನಿಮ್ಮ ಗೋಡೆಯ ಕೆಂಪು ಕಲೆಯೇ ತೋರಿಸುತ್ತದೆ. ಆ ಕಲೆಯ ಮೇಲಿನಿಂದ ಬೋರ್ಡ್ ಶುರು ಮಾಡಿ.

ಯಾವ ಸ್ಕ್ರೂ?

ಸ್ಟೇನ್‌ಲೆಸ್ ಸ್ಟೀಲ್, ಇಲ್ಲದಿದ್ದರೆ ಹಾಟ್ ಡಿಪ್ ಗ್ಯಾಲ್ವನೈಸ್ ಮಾಡಿದ್ದು, ಅಂದರೆ ಕರಗಿದ ಸತುವಿನಲ್ಲಿ ಅದ್ದಿ ತೆಗೆದದ್ದು. ಇದನ್ನು ನಾನು ಕಲಿತದ್ದು ನನ್ನದೇ ದುಡ್ಡಿನಲ್ಲಿ. ಮೊದಲ ಕೆಲಸದಲ್ಲಿ, ಸೀಲಿಂಗಿಗೆ ಬಳಸುವ ಕರಿ ಜಿಪ್ಸಂ ಸ್ಕ್ರೂ ಹಾಕಿಸಿದ್ದೆ. ಸೆಪ್ಟೆಂಬರ್ 3, ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದಿನ ದಿನ ಆ ಮನೆಯವರು ಊಟಕ್ಕೆ ಕರೆದರು. ಹೋದೆ. ಬಿಳಿ ಗೋಡೆಯ ಮೇಲೆ ಒಂದೊಂದು ಸ್ಕ್ರೂ ತಲೆಯಿಂದಲೂ ಒಂದೊಂದು ಗೇಣು ಕಂದು ಗೆರೆ ಇಳಿದಿತ್ತು, ಸಾಲಾಗಿ, ರೂಲು ಹಾಕಿದ ಹಾಗೆ. ಮನೆಯವರು ಏನೂ ಅನ್ನಲಿಲ್ಲ, ಎಲೆಗೆ ಇನ್ನೆರಡು ಕಡಂಬುಟ್ಟು ಹಾಕಿದರು. ಮುಂದಿನ ಫೆಬ್ರವರಿಯಲ್ಲಿ ಅಷ್ಟೂ ಸ್ಕ್ರೂ ಬದಲಿಸಿ, ಹೊಸ ಬಣ್ಣ ಹೊಡೆಸಿಕೊಟ್ಟೆ.

ಅಂಚಿನಿಂದ ಅರ್ಧ ಇಂಚಾದರೂ ಒಳಗೆ ಹೊಡೆಯಬೇಕು, ತುದಿಯ ಹತ್ತಿರ ಮೊದಲು ತೂತು ಕೊರೆದುಕೊಂಡು. ತಲೆ ಬೋರ್ಡಿನ ಮಟ್ಟಕ್ಕೆ ಕೂತರೆ ಸಾಕು. ಒಳಗೆ ಮುಳುಗಿಸಿದರೆ ಬೋರ್ಡಿನ ಮೇಲ್ಪದರ ಒಡೆಯುತ್ತದೆ.

ಕತ್ತರಿಸುವಾಗ ತುಂಬಾ ಧೂಳು ಏಳುತ್ತದಂತೆ?

ಏಳುತ್ತದೆ, ಇದನ್ನು ಹಗುರವಾಗಿ ನೋಡಬೇಡಿ. ಬೋರ್ಡಿನಲ್ಲಿ ಮರಳಿನ ಸಿಲಿಕಾ ಇದೆ. ಗ್ರೈಂಡರಿನಲ್ಲಿ ಒಣದಾಗಿ ಕೊಯ್ದರೆ ಅದು ಕಣ್ಣಿಗೆ ಕಾಣದ ಪುಡಿಯಾಗಿ ಎದೆಗೆ ಹೋಗುತ್ತದೆ. ಕಲ್ಲು ಕ್ವಾರಿಯವರಿಗೆ ಬರುವ ಸಿಲಿಕೋಸಿಸ್ ಎಂಬ ಕಾಯಿಲೆ ಇದರಿಂದಲೇ. ವಾಸಿಯಾಗುವ ಕಾಯಿಲೆಯಲ್ಲ ಅದು. ಕಾರ್ಬೈಡ್ ಚಾಕುವಿನಿಂದ ಗೀರು ಎಳೆದು ಮುರಿಯುವುದು ಎಲ್ಲಕ್ಕಿಂತ ಒಳ್ಳೆಯದು. ಗರಗಸವೇ ಬೇಕಾದರೆ ಮನೆಯಿಂದ ದೂರ, ಗಾಳಿಗೆ ಬೆನ್ನು ಕೊಟ್ಟು, ನೀರು ಬಿಟ್ಟುಕೊಂಡು. ಕರ್ಚೀಫು ಸಾಲದು, ಎನ್95 ಮಾಸ್ಕ್ ಬೇಕು. ಕೆಲಸದವರು "ಉಸಿರು ಕಟ್ಟುತ್ತೆ" ಎಂದು ತೆಗೆದಿಡುತ್ತಾರೆ, ಮನೆಯವರು ನಿಂತು ಹಾಕಿಸಬೇಕು. ಸಂಜೆ ಧೂಳು ಗುಡಿಸಬೇಡಿ, ನೀರು ಹಾಕಿ ತೊಳೆಯಿರಿ.

ಕೊಯ್ದ ಪ್ರತಿ ಅಂಚಿಗೂ ಆ ಕ್ಷಣವೇ ಪ್ರೈಮರ್ ಹಚ್ಚಬೇಕು. ಒಂದು ಡಬ್ಬಿ ಮತ್ತು ಎರಡಿಂಚಿನ ಬ್ರಷ್ ಹಿಡಿದು ಒಬ್ಬ ಹುಡುಗ ಕೊಯ್ಯುವವನ ಪಕ್ಕದಲ್ಲೇ ಕೂತಿರಲಿ. ಗೋಡೆಗೆ ಏರಿದ ಮೇಲೆ ಆ ಅಂಚು ಸಿಗುವುದಿಲ್ಲ, ನೀರು ಮಾತ್ರ ಅದನ್ನು ಹುಡುಕಿಕೊಂಡು ಹೋಗುತ್ತದೆ.

ಯಾವ ತಿಂಗಳಲ್ಲಿ ಮಾಡಿಸುವುದು ಒಳ್ಳೆಯದು?

ಪುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಕಳೆದ ಕೂಡಲೇ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಆಗ ಕಾಫಿ ಕೊಯ್ಲು. ಅರೇಬಿಕಾ ಮುಗಿದು ರೋಬಸ್ಟಾ ಶುರುವಾಗುವ ಹೊತ್ತಿಗೆ ಆಚಾರಿ ಸಿಕ್ಕರೂ ಕೈಯಾಳು ಸಿಗುವುದಿಲ್ಲ, ಅಂಗಳದ ತುಂಬ ಕಾಫಿ ಹರಡಿರುತ್ತದೆ, ಸಾರುವೆ ಕಟ್ಟಲು ಜಾಗವೂ ಇರುವುದಿಲ್ಲ. ನನ್ನ ಲೆಕ್ಕದಲ್ಲಿ ಫೆಬ್ರವರಿ ಕೊನೆಯಿಂದ ಏಪ್ರಿಲ್ ಕೊನೆ. ನಡುವೆ ಕಾಫಿ ಹೂ ಅರಳಿಸುವ ಹೂಮಳೆ ಬರುತ್ತದೆ, ಬರಲೂ ಬೇಕು. ಬಂದರೆ ನೆನೆದ ಬೋರ್ಡನ್ನು ಹಾಗೇ ಹೊಡೆಯಬೇಡಿ, ಒಣಗಿದಾಗ ಕುಗ್ಗಿ ಸಂದು ಬಿಡುತ್ತದೆ. ಬೋರ್ಡನ್ನು ನೆಲದಿಂದ ಎತ್ತರಕ್ಕೆ, ಸಮನಾದ ರೀಪುಗಳ ಮೇಲೆ ಮಲಗಿಸಿ, ಮುಚ್ಚಿಡಿ. ಹೊರುವಾಗ ಮಾತ್ರ ಅಂಚಿನ ಮೇಲೆ ನಿಲ್ಲಿಸಿ ಇಬ್ಬರು ಹೊರಬೇಕು, ಅಡ್ಡಲಾಗಿ ಹೊತ್ತರೆ ನಡುವಿಗೆ ಮುರಿಯುತ್ತದೆ.

ಸರ್ವಿಸ್ ವೈರಿನ ಬ್ರ್ಯಾಕೆಟ್ ಆ ಗೋಡೆಯಲ್ಲಿದ್ದರೆ ವಿದ್ಯುತ್ ಕಂಪನಿ ಚೆಸ್ಕಾಂನವರಿಗೆ ಮೊದಲೇ ತಿಳಿಸಿ ಬಿಚ್ಚಿಸಿ.

ಎಷ್ಟು ಬೋರ್ಡ್ ಬೇಕು, ಎಷ್ಟು ಖರ್ಚು?

30 ಅಡಿ ಉದ್ದ, 9 ಅಡಿ ಎತ್ತರದ ಒಂದು ಗೋಡೆ ಎಂದಿಟ್ಟುಕೊಳ್ಳಿ. ಪ್ಲ್ಯಾಂಕ್ 10 ಅಡಿ ಉದ್ದ, 8 ಇಂಚು ಅಗಲ. ಒಂದೂಕಾಲು ಇಂಚು ಹೊದಿಕೆಗೆ ಹೋದರೆ ಹೊರಗೆ ಕಾಣುವುದು ಆರೂಮುಕ್ಕಾಲು ಇಂಚು. 9 ಅಡಿ ಅಂದರೆ 108 ಇಂಚು, ಹಾಗಾಗಿ 16 ಸಾಲು. ಸಾಲಿಗೆ ಮೂರರಂತೆ 48 ಪ್ಲ್ಯಾಂಕ್. ಕಿಟಕಿಯ ಜಾಗವನ್ನು ಕಳೆಯಬೇಡಿ, ಅದು ಕತ್ತರಿಸಿ ಹಾಳಾಗುವುದಕ್ಕೆ ಸರಿಹೋಗುತ್ತದೆ. ಕಿಟಕಿಯೇ ಇಲ್ಲದ ಗೋಡೆಯಾದರೆ ನೂರಕ್ಕೆ ಹತ್ತು ಸೇರಿಸಿ.

ದರ ಮಡಿಕೇರಿ, ಗೋಣಿಕೊಪ್ಪ, ಮೈಸೂರಿನಲ್ಲಿ ಒಂದೇ ಇರುವುದಿಲ್ಲ, ಸಾಗಾಟ ಬೇರೆ. ಮೂರು ಕಡೆ ಕೇಳಿ. ಕೇಳುವಾಗ "ಚದರ ಅಡಿಗೆ ಎಷ್ಟು" ಎಂದಷ್ಟೇ ಕೇಳಿದರೆ ಬೋರ್ಡ್ ಮತ್ತು ಕೂಲಿ ಮಾತ್ರ ಹೇಳುತ್ತಾರೆ. ಹಳೆಯದನ್ನು ಕೀಳುವುದು, ಮೆಂಬ್ರೇನ್, ರೀಪು, ಫ್ಲಾಶಿಂಗ್, ಸ್ಟೇನ್‌ಲೆಸ್ ಸ್ಕ್ರೂ, ಸಾರುವೆ, ಬಣ್ಣ, ಇವೆಲ್ಲ ಸೇರಿದೆಯಾ ಎಂದು ಒಂದೊಂದಾಗಿ ಕೇಳಿ ಬರೆಸಿಕೊಳ್ಳಿ. ಕಡಿಮೆ ಹೇಳಿದವರ ಪಟ್ಟಿಯಲ್ಲಿ ಮೆಂಬ್ರೇನ್ ಮತ್ತು ಫ್ಲಾಶಿಂಗ್ ಇರುವುದಿಲ್ಲ, ನೋಡಿ ಬೇಕಾದರೆ. ಕೊಳೆತ ಚೌಕಟ್ಟಿನ ರಿಪೇರಿಗೆ ಸ್ವಲ್ಪ ಹಣ ಬೇರೆ ತೆಗೆದಿಡಿ, ಅದು ಹಲಗೆ ಕಿತ್ತ ಮೇಲೆಯೇ ಗೊತ್ತಾಗುವ ಲೆಕ್ಕ.

ಬಣ್ಣ? ಪಾಚಿ ಹಿಡಿಯುತ್ತದಾ?

ಹಿಡಿಯುತ್ತದೆ. ಕೊಡಗಿನಲ್ಲಿ ನಿಂತ ಜೀಪಿಗೂ ಪಾಚಿ ಹಿಡಿಯುತ್ತದೆ, ಬೋರ್ಡ್ ಯಾವ ಲೆಕ್ಕ. ಆದರೆ ಪಾಚಿ ಬೋರ್ಡನ್ನು ಮರದ ಹಾಗೆ ತಿನ್ನುವುದಿಲ್ಲ. ಶಿಲೀಂಧ್ರ ನಿರೋಧಕ ಸೇರಿದ ಅಕ್ರಿಲಿಕ್ ಎಕ್ಸ್‌ಟೀರಿಯರ್ ಎಮಲ್ಷನ್ ಹೊಡೆಸಿ, ಪ್ರೈಮರ್ ಮೇಲೆ ಎರಡು ಕೋಟ್. ಉಳಿದ ಎಣ್ಣೆ ಬಣ್ಣ ಇದೆ ಎಂದು ಹೊಡೆಸಬೇಡಿ: ಸಿಮೆಂಟಿನ ಕ್ಷಾರ ಎಣ್ಣೆಯನ್ನು ಸೋಪಿನಂತೆ ಮಾಡಿ ಸಿಪ್ಪೆ ಎಬ್ಬಿಸುತ್ತದೆ. ಸಂದಿಗೆ ಸಾಮಾನ್ಯ ಸಿಲಿಕೋನ್ ಬೇಡ, ಅದರ ಮೇಲೆ ಬಣ್ಣ ಕೂರುವುದಿಲ್ಲ. ಬಣ್ಣ ಹಿಡಿಯುವ ಪಿ.ಯು. (ಪಾಲಿಯುರೆಥೇನ್) ಸೀಲಂಟ್ ಕೇಳಿ.

ವರ್ಷಕ್ಕೊಮ್ಮೆ ಮಳೆ ಮುಗಿದ ಮೇಲೆ ಬ್ಲೀಚಿಂಗ್ ಪೌಡರಿನ ತಿಳಿನೀರು ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಮೆತ್ತನೆ ಬ್ರಷ್‌ನಲ್ಲಿ ಉಜ್ಜಿ ತೊಳೆದರೆ ಸಾಕು. ಜೀಪ್ ತೊಳೆಯುವ ಪ್ರೆಷರ್ ಪಂಪನ್ನು ಹತ್ತಿರ ಹಿಡಿದರೆ ನೀರು ಪ್ಲ್ಯಾಂಕಿನ ಅಡಿಗೆ ನುಗ್ಗುತ್ತದೆ.

ಮರದಷ್ಟು ಬೆಚ್ಚಗಿರುತ್ತದಾ?

ಇಲ್ಲ. ಶಾಖ ತಡೆಯುವುದರಲ್ಲಿ ಮರವೇ ಮೇಲು, ಅದೂ ಎರಡು ಪಟ್ಟಿಗೂ ಹೆಚ್ಚು ದಪ್ಪವಿದ್ದ ಮರ. ಕಂಬಗಳ ನಡುವೆ ರಾಕ್‌ವೂಲ್ (ಕಲ್ಲಿನ ನಾರಿನ ಹಾಸು) ತುಂಬಿಸಿದರೆ ಚಳಿಯೂ ತಡೆಯುತ್ತದೆ, ಸದ್ದೂ ಕಡಿಮೆ. ಬೆಂಕಿಯ ವಿಷಯದಲ್ಲಿ ಬೋರ್ಡ್ ಗೆಲ್ಲುತ್ತದೆ, ಅದು ಹತ್ತಿಕೊಳ್ಳುವುದಿಲ್ಲ.

ಕಿತ್ತ ಹಳೆ ಹಲಗೆಯನ್ನು ಏನು ಮಾಡುವುದು?

ಬಣ್ಣ ಹೊಡೆದದ್ದನ್ನು ಹಂಡೆ ಒಲೆಗೆ ಹಾಕಬೇಡಿ. ಎಲ್ಲರೂ ಮಾಡುವುದು ಅದನ್ನೇ, ಅದಕ್ಕೇ ಹೇಳುತ್ತಿದ್ದೇನೆ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿ.ಪಿ.ಎಂ. (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೆ ಮೊದಲಿನ ಬಣ್ಣದಲ್ಲಿ, ಅದರಲ್ಲೂ ಹಳೆ ಎನಾಮಲ್‌ನಲ್ಲಿ, ಸೀಸ ಹೆಚ್ಚಿರುವ ಸಾಧ್ಯತೆ ಇದೆ. ಸುಟ್ಟರೆ ಹೊಗೆಯಲ್ಲಿ, ಒಣದಾಗಿ ಉಜ್ಜಿದರೆ ಧೂಳಿನಲ್ಲಿ ಬರುತ್ತದೆ. ಮಕ್ಕಳಿಗೆ ಸೀಸ ಬಹಳ ಕೆಟ್ಟದ್ದು. ಆ ಬೂದಿಯನ್ನು ತರಕಾರಿ ಬುಡಕ್ಕೆ ಹಾಕುವುದಂತೂ ಬೇಡವೇ ಬೇಡ.

ಗಟ್ಟಿಯಾಗಿ ಉಳಿದ ತೇಗ, ಬೀಟೆ, ಹೊನ್ನೆ ಹಲಗೆಯನ್ನು ಆರಿಸಿ ಇಟ್ಟುಕೊಳ್ಳಿ, ಈಗ ಅಂಥ ಮರ ಸಿಗುವುದಿಲ್ಲ. ಕೊಳೆತ ತುದಿ ಕತ್ತರಿಸಿದರೆ ಕಪಾಟಿಗೆ, ಬೆಂಚಿಗೆ ಧಾರಾಳ. ಹೊರಗೆ ಮಾರಿ ಲಾರಿಗೆ ಹಾಕುವುದಾದರೆ ಮೊದಲು ವಲಯ ಅರಣ್ಯ ಕಚೇರಿಯಲ್ಲಿ ಪಾಸ್ ವಿಚಾರಿಸಿ, ಹಳೆ ಮರ ಎಂದು ಬಾಯಲ್ಲಿ ಹೇಳಿದರೆ ಚೆಕ್‌ಪೋಸ್ಟಿನಲ್ಲಿ ಒಪ್ಪುವುದಿಲ್ಲ.

ನಮ್ಮದು ಐನ್‌ಮನೆ, ಕುಲದ ಹಳೆ ಮೂಲಮನೆ. ಅದಕ್ಕೂ ಹಾಕಿಸಬಹುದಾ?

ಮುಂಭಾಗಕ್ಕೆ ನಾನಂತೂ ಹಾಕಿಸುವುದಿಲ್ಲ. ಕೈ ಮುಗಿದು ಹಿಂದೆ ಕಳುಹಿಸಿದ್ದೇನೆ. ಕಯ್ಯಾಲೆಯ (ಮುಂದಿನ ಜಗಲಿಯ) ಕಂಬ, ಅಲ್ಲಿ ಕೂರುವ ಮರದ ಹಲಗೆಯಾದ ಐಮರ, ಕೆತ್ತನೆಯ ಬಾಗಿಲುವಾಡ, ಇವನ್ನು ಯಾವ ಬೋರ್ಡೂ ತುಂಬಿಕೊಡುವುದಿಲ್ಲ. ಮರದ ಗೆರೆ ಅಚ್ಚೊತ್ತಿದ ಬೋರ್ಡ್ ಬರುತ್ತದೆ ನಿಜ, ಹತ್ತು ಅಡಿ ದೂರದಿಂದ ಚೆನ್ನಾಗಿಯೇ ಕಾಣುತ್ತದೆ, ಆದರೆ ಐಮರದ ಮೇಲೆ ಕೂತವರು ನೋಡುವುದು ಹತ್ತು ಅಡಿಯಿಂದಲ್ಲ. ಅಲ್ಲಿ ಹೋದ ಮರದ ಜಾಗಕ್ಕೆ ಮರವನ್ನೇ ಕೂಡಿಸುವ ಆಚಾರಿಗಳು ಇನ್ನೂ ಇದ್ದಾರೆ. ಹಿಂಭಾಗದ ಸೌದೆ ಕೊಟ್ಟಿಗೆ, ಆಮೇಲೆ ಸೇರಿಸಿದ ಅಡುಗೆಮನೆ, ಮಾಡಿನ ಕೊನೆಯ ತ್ರಿಕೋನ ಮುಚ್ಚಿಗೆ, ಇವಕ್ಕೆ ಬೋರ್ಡ್ ಹಾಕಿಸಿದರೆ ಯಾರಿಗೂ ಬೇಸರವಿಲ್ಲ. ಆದರೆ ಒಕ್ಕದವರೆಲ್ಲ (ಕುಲದವರೆಲ್ಲ) ಸೇರಿ ತೀರ್ಮಾನ ಮಾಡಿ. ಬೆಂಗಳೂರಿನಲ್ಲಿರುವವರು ದುಡ್ಡು ಕಳಿಸಿ, ಹಬ್ಬಕ್ಕೆ ಬಂದಾಗ ಗೋಡೆ ನೋಡಿ ಮಾತು ಬಿಟ್ಟ ಕತೆಗಳೂ ಇವೆ.

ಏಟು ಬಿದ್ದರೆ ಒಡೆಯುತ್ತದಾ?

ಮಕ್ಕಳ ಚೆಂಡಿಗೆ ಏನೂ ಆಗುವುದಿಲ್ಲ. ಏಣಿಯ ತುದಿ, ಗುದ್ದಲಿಯ ಕಾವು ಮೂಲೆಗೆ ಬಡಿದರೆ ಚಕ್ಕೆ ಏಳಬಹುದು. ಹಲಸಿನ ಹಣ್ಣಿಗೆ ಬಂದ ಆನೆ ಒರಗಿದರೆ ಎಂದು ಒಬ್ಬರು ಗಂಭೀರವಾಗಿಯೇ ಕೇಳಿದರು. ಆನೆಗೆ ಇಟ್ಟಿಗೆ ಗೋಡೆಯೂ ಒಂದೇ, ಬೋರ್ಡೂ ಒಂದೇ. ಹಲಸು ಇನ್ನೂ ಎಳೆಕಾಯಿಯಾಗಿರುವಾಗಲೇ ಇಳಿಸಿಬಿಡಿ.

ಒಡೆದ ಒಂದು ಪ್ಲ್ಯಾಂಕನ್ನು ಮಾತ್ರ ಬಿಚ್ಚಿ ಬೇರೆ ಹಾಕಬಹುದು. ಅದಕ್ಕಾಗಿ ನಾಲ್ಕು ಪ್ಲ್ಯಾಂಕ್ ಹೆಚ್ಚು ತರಿಸಿ, ಅಟ್ಟದಲ್ಲಿ ಸಮನಾಗಿ ಮಲಗಿಸಿ ಇಡಿ. ಉಳಿದ ಬಣ್ಣದ ಡಬ್ಬಿಯ ಮುಚ್ಚಳದ ಮೇಲೆ ಬಣ್ಣದ ನಂಬರು ಮತ್ತು ಯಾವ ಗೋಡೆ ಎಂದು ಪೆನ್ಸಿಲ್‌ನಲ್ಲಿ ಬರೆದಿಡಿ, ಪೆನ್ನಿನ ಶಾಯಿ ನಮ್ಮ ತೇವಕ್ಕೆ ಅಳಿಸಿಹೋಗುತ್ತದೆ.